ಹಂಚುವವರು ಶಾಸಕರೋ, ಪಕ್ಷವೋ? ಆಶ್ರಯ ರಾಜಕಾರಣದ ಕುರಿತ ಪಿಎಚ್‌.ಡಿ. ಸಂಶೋಧನೆಗೆ ಸಲಹೆ ಬೇಕಾಗಿದೆ

ಪ್ರಶ್ನೆ: ಸಂಶೋಧನಾರ್ಥಿ, ತುಮಕೂರು

ಎಲ್ಲರಿಗೂ ನಮಸ್ಕಾರ.

ನಾನು ರಾಜ್ಯಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದು, ಕರ್ನಾಟಕದ ಆಶ್ರಯ ರಾಜಕಾರಣಕ್ಕೂ ರಾಜಕೀಯ ಪಕ್ಷಗಳಿಗೂ ಇರುವ ಸಂಬಂಧವನ್ನು ಅಭ್ಯಾಸ ಮಾಡುತ್ತಿದ್ದೇನೆ. ಬಗರ್‌ಹುಕುಂ (ಅನಧಿಕೃತವಾಗಿ ಸಾಗುವಳಿಯಾದ ಸರ್ಕಾರಿ) ಜಮೀನಿನ ಸಕ್ರಮ, ಆಶ್ರಯ ಮನೆ, ಗಂಗಾಕಲ್ಯಾಣದ ಕೊಳವೆಬಾವಿ, ನೌಕರರ ವರ್ಗಾವಣೆ, ನಿಗಮ-ಮಂಡಳಿಯ ಅಧ್ಯಕ್ಷಗಿರಿ, ಇಂಥವನ್ನು ಕೊಡಿಸುವ ಅಧಿಕಾರವುಳ್ಳವರು ಕೊಡಿಸಿ, ಪಡೆದವರಿಂದ ಚುನಾವಣೆಯಲ್ಲಿ ಬೆಂಬಲ ನಿರೀಕ್ಷಿಸುವ ವ್ಯವಸ್ಥೆಯನ್ನೇ ಇಲ್ಲಿ ಆಶ್ರಯ ರಾಜಕಾರಣ ಎನ್ನುತ್ತಿದ್ದೇನೆ. ಹೀಗೆ ಹುಟ್ಟುವ ನಿಷ್ಠೆ ಪಕ್ಷದ ಖಾತೆಗೆ ಜಮೆಯಾಗುತ್ತದೆಯೋ, ವ್ಯಕ್ತಿಯ ಖಾತೆಗೋ ಎಂಬುದು ನನ್ನ ಮೂಲ ಪ್ರಶ್ನೆ.

ನಮ್ಮ ರಾಜ್ಯದ ಚರಿತ್ರೆ ಇದಕ್ಕೆ ಎರಡು ಬಗೆಯ ಉತ್ತರ ಕೊಡುತ್ತದೆ. ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಯಾದ ಮೇಲೆ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ, ಗೇಣಿದಾರರ ಅರ್ಜಿ ತೀರ್ಮಾನಿಸುವ ತಾಲೂಕುಗಳ ಭೂನ್ಯಾಯ ಮಂಡಳಿಗಳು ಮತ್ತು ಹಿಂದುಳಿದ ವರ್ಗಗಳ ಕುರಿತ 1975ರ ಹಾವನೂರು ಆಯೋಗದ ವರದಿಯ ಮೂಲಕ, ಅದುವರೆಗೆ ಅಧಿಕಾರದ ಹೊರಗೇ ಉಳಿದಿದ್ದ ಜಾತಿಗಳಲ್ಲಿ ದೊಡ್ಡದೊಂದು ಬೆಂಬಲಿಗರ ಬಳಗವನ್ನು ಕಟ್ಟಿದರು. ಉಪವಿಭಾಗಾಧಿಕಾರಿ ಅಧ್ಯಕ್ಷರಾಗಿರುತ್ತಿದ್ದ ಆ ಮಂಡಳಿಗಳ ಅಧಿಕಾರೇತರ ಸದಸ್ಯರನ್ನು ಸರ್ಕಾರವೇ ನಾಮನಿರ್ದೇಶನ ಮಾಡುತ್ತಿತ್ತು. 1979ರಲ್ಲಿ ಅರಸರು ಇಂದಿರಾ ಗಾಂಧಿಯವರಿಂದ ಬೇರೆಯಾದಾಗ ಕಾಂಗ್ರೆಸ್ ಶಾಸಕರಲ್ಲಿ ಹೆಚ್ಚಿನವರು ಅವರ ಜೊತೆಗೇ ನಿಂತರು. ಆದರೆ 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಅರಸರ ಪಕ್ಷಕ್ಕೆ ಒಂದೂ ಬರಲಿಲ್ಲ. ಫಲಿತಾಂಶ ಬಂದ ಬೆನ್ನಿಗೇ ಶಾಸಕರು ಬಣ ಬದಲಿಸಿದರು, ಗುಂಡೂರಾವ್ ಮುಖ್ಯಮಂತ್ರಿಯಾದರು. ಇದನ್ನು ನೋಡಿದರೆ ಕೊಟ್ಟವರನ್ನು ಜನ ನೆನೆಯಲಿಲ್ಲ, ಪಕ್ಷವನ್ನೂ ಅದರ ಮೇಲಿನ ನಾಯಕಿಯನ್ನೂ ನೆನೆದರು ಎನ್ನಬೇಕಾಗುತ್ತದೆ.

2019ರಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಕಾಂಗ್ರೆಸ್ ಮತ್ತು ಜೆಡಿಎಸ್‌ನಿಂದ ಹೊರಬಂದ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತಾದರೂ ಮತ್ತೆ ಸ್ಪರ್ಧಿಸಲು ಅವಕಾಶ ಕೊಟ್ಟಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದು, ಅದೇ ಶಾಸಕರಲ್ಲಿ 13 ಮಂದಿ ಈ ಬಾರಿ ಬಿಜೆಪಿ ಚಿಹ್ನೆಯಡಿ ನಿಂತರು, 11 ಮಂದಿ ಗೆದ್ದರು. ಬಿಜೆಪಿ ಅದುವರೆಗೆ ಖಾತೆಯನ್ನೇ ತೆರೆಯದಿದ್ದ ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆಯೂ ಅವುಗಳಲ್ಲಿ ಒಂದು. ಇಲ್ಲಿ ಮತದಾರರು ಪಕ್ಷವನ್ನು ಬಿಟ್ಟು ವ್ಯಕ್ತಿಯ ಹಿಂದೆ ಹೋದಂತೆ ಕಾಣುತ್ತದೆ.

ಸಾರಾಂಶವನ್ನು ಮಂಡಿಸಿದಾಗ ಸಲಹಾ ಸಮಿತಿಯವರು ನನ್ನನ್ನು ಕೇಳಿದ್ದು ಇದಕ್ಕೂ ಹಿಂದಿನ ಪ್ರಶ್ನೆಯನ್ನು. ಶಾಸಕರೊಬ್ಬರು ಬಂದವರಿಗೆಲ್ಲ ಮಾಡಿಕೊಡುವ ಕೆಲಸ ಯಾವುದು, ತಮ್ಮವರಿಗೆ ಮಾತ್ರ ಮಾಡಿಕೊಡುವ ಕೆಲಸ ಯಾವುದು ಎಂಬುದನ್ನು ಕ್ಷೇತ್ರದಲ್ಲಿ ಹೇಗೆ ಬೇರ್ಪಡಿಸುತ್ತೀರಿ ಎಂದರು. ಮನೆಮನೆ ಸಮೀಕ್ಷೆ ಮಾಡಿ, ಯಾವ ಸವಲತ್ತು ಸಿಕ್ಕಿತು, ಯಾರಿಗೆ ಮತ ಹಾಕಿದಿರಿ ಎಂದು ಕೇಳಿದರೆ ಎರಡನೆಯದಕ್ಕೆ ನಿಜವಾದ ಉತ್ತರ ಬರುತ್ತದೆಂಬ ಭರವಸೆ ನನಗೂ ಇಲ್ಲ. ತುಮಕೂರು ಮತ್ತು ಹಾಸನ ಜಿಲ್ಲೆಗಳ ಒಂದೊಂದು ತಾಲೂಕಿನಲ್ಲಿ ಕ್ಷೇತ್ರಕಾರ್ಯ ಮಾಡಬೇಕೆಂದಿದ್ದೇನೆ. ಏನನ್ನು, ಎಲ್ಲಿ ನೋಡಬೇಕು? ಗೃಹಲಕ್ಷ್ಮಿಯಂತೆ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬೀಳುವ ಯೋಜನೆಗಳು ಬಂದ ಮೇಲೆ ಈ ವಿಷಯವೇ ಹಳತಾಯಿತೆಂದು ಸಹಪಾಠಿಗಳು ಹೇಳುತ್ತಾರೆ. ಆ ಮಾತನ್ನು ಎಷ್ಟರ ಮಟ್ಟಿಗೆ ಒಪ್ಪಬಹುದು?

ಉತ್ತರ 1: ನಿವೃತ್ತ ಶಿರಸ್ತೇದಾರ್

ನಾನು ಕಂದಾಯ ಇಲಾಖೆಗೆ ಗ್ರಾಮ ಲೆಕ್ಕಿಗನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಸಿದ್ಧಾಂತದ ಭಾಗವನ್ನು ಬಲ್ಲವರು ಹೇಳುತ್ತಾರೆ. ಕಡತ ಹೇಗೆ ನಡೆಯುತ್ತದೆಂಬುದನ್ನು ನಾನು ಹೇಳಬಲ್ಲೆ. ನಿಮ್ಮ ಪ್ರಶ್ನೆಗೆ ಬಗರ್‌ಹುಕುಂ ಕಡತದಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ಕಾಗದ ಸರ್ಕಾರಿ ಕಚೇರಿಯಲ್ಲಿ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಸರ್ಕಾರಿ ಜಮೀನಿನಲ್ಲಿ ಅನಧಿಕೃತವಾಗಿ ಸಾಗುವಳಿ ಮಾಡುತ್ತಿರುವ ರೈತ ಸಕ್ರಮಕ್ಕೆ ಅರ್ಜಿ ಹಾಕುತ್ತಾನೆ. 1991ರಲ್ಲಿ ಅದು ನಮೂನೆ 50 ಆಗಿತ್ತು, 1998-99ರಲ್ಲಿ ನಮೂನೆ 53 ಬಂತು, 2018ರಲ್ಲಿ ನಮೂನೆ 57. ಅರ್ಜಿಯ ಮೇಲೆ ಗ್ರಾಮ ಲೆಕ್ಕಿಗ ವರದಿ ಕೊಡಬೇಕು, ಕಂದಾಯ ನಿರೀಕ್ಷಕ ಸ್ಥಳಕ್ಕೆ ಹೋಗಿ ಮಹಜರು ಮಾಡಬೇಕು, ಸರ್ವೇಯರ್ ನಕ್ಷೆ ತಯಾರಿಸಬೇಕು. ಜಮೀನು ಗೋಮಾಳವಾಗಿದ್ದರೆ ಆ ಊರಿನ ಜಾನುವಾರಿನ ಲೆಕ್ಕಕ್ಕೆ ತಕ್ಕಷ್ಟು ಮೇವಿನ ಭೂಮಿ ಉಳಿಯುತ್ತದೆಯೇ, ಅರಣ್ಯ ಇಲಾಖೆಯ ತಕರಾರು ಇದೆಯೇ, ನಗರಸಭೆಯ ಎಲ್ಲೆಗೆ ಎಷ್ಟು ದೂರ, ಅರ್ಜಿದಾರನಿಗೆ ಈಗಾಗಲೇ ಎಷ್ಟು ಜಮೀನಿದೆ ಎಂಬುದನ್ನೆಲ್ಲ ನಾವು ಟಿಪ್ಪಣಿಯಲ್ಲಿ ಬರೆಯಬೇಕು. ಇಷ್ಟಾದ ಮೇಲೆ ಕಡತ ಸಕ್ರಮೀಕರಣ ಸಮಿತಿಯ ಮುಂದೆ ಹೋಗುತ್ತದೆ. ಆ ಸಮಿತಿಯ ಅಧ್ಯಕ್ಷರು ಕ್ಷೇತ್ರದ ಶಾಸಕರು, ಕಾರ್ಯದರ್ಶಿ ತಹಶೀಲ್ದಾರರು, ಉಳಿದವರು ಸರ್ಕಾರದಿಂದ ನಾಮನಿರ್ದೇಶಿತರಾದ ಸದಸ್ಯರು. ಸಮಿತಿ ಮಂಜೂರು ಮಾಡಿದ ಮೇಲೆ ರೈತನಿಗೆ ಸಾಗುವಳಿ ಚೀಟಿ ಸಿಗುತ್ತದೆ. ಪಹಣಿಗೆ ಹೆಸರು ಏರುವುದು, ಪೋಡಿ, ದುರಸ್ತು (ಜಮೀನನ್ನು ಅಳೆದು ದಾಖಲೆಯಲ್ಲಿ ಬೇರ್ಪಡಿಸುವುದು) ಎಲ್ಲ ಆಮೇಲಿನ ಮಾತು.

ಹೊರಗಿನವರು ಶಾಸಕರು ತಮಗೆ ಬೇಕಾದವರಿಗೆ ಜಮೀನು ಬರೆದುಕೊಡುತ್ತಾರೆಂದು ತಿಳಿಯುತ್ತಾರೆ. ಅಂಥ ಪ್ರಕರಣಗಳೂ ಇವೆ, ಅವು ಲೋಕಾಯುಕ್ತದವರೆಗೂ ಹೋಗುತ್ತವೆ. ಆದರೆ ನಿತ್ಯ ನಡೆಯುವುದು ಅದಲ್ಲ. ಯಾರು ಅರ್ಹರು ಎಂಬುದನ್ನು ಕಾನೂನು ಹೇಳುತ್ತದೆ. ಅರ್ಹರಲ್ಲಿ ಯಾರ ಕಡತ ಈ ತಿಂಗಳ ಸಭೆಗೆ ಬರಬೇಕು, ಯಾರದು ಮುಂದಿನದಕ್ಕೆ ಹೋಗಬೇಕು, ಯಾವ ಹೋಬಳಿಯ ಮಹಜರು ಮೊದಲು ಆಗಬೇಕು ಎಂಬುದನ್ನು ಹೇಳುವ ಕಾನೂನು ಇಲ್ಲ. ಶಾಸಕರ ಅಧಿಕಾರವೆಲ್ಲ ಆ ಸರದಿಯಲ್ಲಿದೆ. ಸಭೆಗೆ ಮುನ್ನ ಶಾಸಕರ ಆಪ್ತ ಸಹಾಯಕರಿಂದ ವಿಷಯ ನಿರ್ವಾಹಕರಿಗೆ ಒಂದು ಪಟ್ಟಿ ಬರುತ್ತದೆ. ಅದು ಆದೇಶವಲ್ಲ, ಕೆಳಗೆ ಸಹಿಯೂ ಇರುವುದಿಲ್ಲ. ಹೆಸರು, ಸರ್ವೆ ನಂಬರು, ಊರು ಮಾತ್ರ ಇರುತ್ತವೆ. ಆ ಕಡತಗಳನ್ನು ಮೇಲಕ್ಕೆ ಎತ್ತಿಟ್ಟರೆ ಯಾರೂ ನಿಯಮ ಮುರಿದಂತಾಗುವುದಿಲ್ಲ.

ಇನ್ನೊಂದು ವಿಚಾರ. ಒಬ್ಬನೇ ರೈತ, ಒಂದೇ ತುಂಡು ನೆಲಕ್ಕೆ ನಮೂನೆ 50ರಲ್ಲಿ ಅರ್ಜಿ ಹಾಕಿ, ವಿಲೇವಾರಿಯಾಗದೆ 53ರಲ್ಲಿ ಹಾಕಿ, ಮತ್ತೆ 57ರಲ್ಲಿ ಅವನ ಮಗ ಹಾಕಿದ ಕಡತಗಳನ್ನು ನಾನೇ ಒಟ್ಟಿಗೆ ಕಟ್ಟಿಟ್ಟಿದ್ದೇನೆ. ಜಮೀನು ಮಂಜೂರಾದವನು ಒಂದು ಚುನಾವಣೆಯ ಮಟ್ಟಿಗೆ ಕೃತಜ್ಞನಾಗಿರುತ್ತಾನೆ. ಅರ್ಜಿ ಬಾಕಿ ಇರುವವನು ಮಾತ್ರ ಪ್ರತಿ ಚುನಾವಣೆಗೂ ಬರುತ್ತಾನೆ. ಆದ್ದರಿಂದ ನೀವು ಫಲಾನುಭವಿಗಳನ್ನು ಮಾತ್ರ ಹುಡುಕಿಕೊಂಡು ಹೋದರೆ ವಿಷಯದ ದೊಡ್ಡ ಭಾಗ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಬಾಕಿ ಅರ್ಜಿದಾರರನ್ನು ಮಾತನಾಡಿಸಿ.

ಪಕ್ಷ ಎಲ್ಲಿದೆ ಎಂದು ಕೇಳಿದ್ದೀರಿ. ಸರ್ಕಾರ ಬದಲಾದಾಗ ಈ ಸಮಿತಿಗಳು ಹೊಸದಾಗಿ ರಚನೆಯಾಗಬೇಕು. ಅದುವರೆಗೆ ಕೆಲಸ ನಿಲ್ಲುತ್ತದೆ. ಆಡಳಿತ ಪಕ್ಷದ ಶಾಸಕರಿರುವ ತಾಲೂಕಿನಲ್ಲಿ ನಾಮನಿರ್ದೇಶಿತ ಸದಸ್ಯರು ಶಾಸಕರ ಕಡೆಯವರೇ ಆಗಿರುತ್ತಾರೆ, ಅಲ್ಲಿ ಪಕ್ಷವನ್ನೂ ವ್ಯಕ್ತಿಯನ್ನೂ ಬೇರ್ಪಡಿಸಿ ನೋಡಲಾಗದು. ವಿರೋಧ ಪಕ್ಷದ ಶಾಸಕರಿರುವ ಕಡೆ ಅಧ್ಯಕ್ಷರು ಒಂದು ಪಕ್ಷ, ಸದಸ್ಯರು ಉಸ್ತುವಾರಿ ಸಚಿವರ ಕಡೆಯವರು ಆಗಿರುವುದನ್ನು ನಾನು ಕಂಡಿದ್ದೇನೆ. ಅಂಥ ಸಮಿತಿಯ ನಡಾವಳಿಯಲ್ಲಿ ಯಾವ ಕಡತ ಯಾಕೆ ಮುಂದೂಡಲ್ಪಟ್ಟಿತೆಂದು ನೋಡಿದರೆ ನಿಮ್ಮ ಪ್ರಶ್ನೆಗೆ ಬೇಕಾದ ಸಾಮಗ್ರಿ ಸಿಗುತ್ತದೆ. ಸಾಧ್ಯವಾದರೆ ನಿಮ್ಮ ಎರಡು ತಾಲೂಕುಗಳಲ್ಲಿ ಒಂದಾದರೂ ಅಂಥದ್ದಾಗಿರಲಿ.

ಉತ್ತರ 2: ರಾಜ್ಯಶಾಸ್ತ್ರದ ಮೇಷ್ಟ್ರು

ಶಿರಸ್ತೇದಾರರು ಬರೆದದ್ದನ್ನು ಓದಿದ ಮೇಲೆ ನನ್ನ ಕೆಲಸ ಹಗುರವಾಯಿತು. ಪ್ರಶ್ನೆಯಲ್ಲಿ ನೀವು ಎದುರುಬದುರು ನಿಲ್ಲಿಸಿರುವ ಆ ಎರಡು ಪ್ರಸಂಗಗಳ ಬಗ್ಗೆ ಮಾತ್ರ ಸ್ವಲ್ಪ ತಕರಾರು ತೆಗೆಯುತ್ತೇನೆ.

1980ರ ಫಲಿತಾಂಶ ಆಶ್ರಯ ರಾಜಕಾರಣದ ಸೋಲಿಗೆ ಪುರಾವೆಯಾಗಲಾರದು. ಅದು ಲೋಕಸಭೆಯ ಚುನಾವಣೆ. ದೆಹಲಿಯಲ್ಲಿ ಯಾರು ಕೂರಬೇಕೆಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ತಾಲೂಕು ಕಚೇರಿಯಲ್ಲಿ ಯಾರ ಮಾತು ನಡೆಯಬೇಕೆಂಬುದು ಅಲ್ಲ. ನಮ್ಮ ಮತದಾರರು ಇವೆರಡನ್ನೂ ಎಷ್ಟು ಚೆನ್ನಾಗಿ ಬೇರೆ ಮಾಡಬಲ್ಲರು ಎಂಬುದಕ್ಕೆ ಐದು ವರ್ಷ ಮುಂದಕ್ಕೆ ಹೋಗಿ ನೋಡಿ. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದ 28ರಲ್ಲಿ 24 ಸ್ಥಾನ ಗೆದ್ದಿತು. ಆಗ ಜನತಾ ಪಕ್ಷದ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ಅದನ್ನೇ ಕಾರಣವಾಗಿಟ್ಟುಕೊಂಡು ರಾಜೀನಾಮೆ ಕೊಟ್ಟು ವಿಧಾನಸಭೆಗೆ ಚುನಾವಣೆ ಬಯಸಿದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಮೂರು ತಿಂಗಳೊಳಗೆ ಜನರ ನಿಷ್ಠೆ ಬದಲಾಯಿತೆಂದು ಯಾರೂ ಹೇಳುವುದಿಲ್ಲ.

ಅರಸರ ಬಳಗ 1980ರಲ್ಲಿ ಕರಗಿಹೋಯಿತು ಎಂಬುದೂ ಪೂರ್ತಿ ನಿಜವಲ್ಲ. ಅವರು ಕೊನೆಯ ದಿನಗಳಲ್ಲಿ ಕಟ್ಟಿದ ಕ್ರಾಂತಿರಂಗವನ್ನು 1982ರಲ್ಲಿ ಅವರು ತೀರಿಕೊಂಡ ಮೇಲೆ ಬಂಗಾರಪ್ಪ ಮುನ್ನಡೆಸಿದರು. ಅದು ಜನತಾ ಪಕ್ಷದೊಂದಿಗೆ ಸೇರಿ 1983ರಲ್ಲಿ 95 ಸ್ಥಾನ ಪಡೆದು, ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರಕ್ಕೆ ದಾರಿ ಮಾಡಿತು. ಅರಸರ ಕಾಲದಲ್ಲಿ ಮೇಲೆದ್ದ ಹಿಂದುಳಿದ ವರ್ಗಗಳ ಎರಡನೆಯ ಸಾಲಿನ ನಾಯಕರು ಹಲವರು ಆಮೇಲೆ ಬೇರೆ ಬೇರೆ ಪಕ್ಷಗಳಲ್ಲಿ ಕಾಣಿಸಿಕೊಂಡರು. ಅರಸರ ಹಂಚಿಕೆಯಿಂದ ಅವರಿಗೆ ಶಾಶ್ವತ ಮತಗಳು ದಕ್ಕಲಿಲ್ಲ, ಆದರೆ ರಾಜ್ಯಕ್ಕೆ ಹೊಸ ನಾಯಕರ ಒಂದು ತಲೆಮಾರು ದಕ್ಕಿತು ಎಂದು ನಾನು ಓದುತ್ತೇನೆ. ಆಶ್ರಯ ರಾಜಕಾರಣವನ್ನು ಮತದ ಲೆಕ್ಕದಲ್ಲಿ ಮಾತ್ರ ಅಳೆಯುವವರು ಇದನ್ನು ಕಡೆಗಣಿಸುತ್ತಾರೆ. ಭೂನ್ಯಾಯ ಮಂಡಳಿಯ ಸದಸ್ಯನಾಗಿ ಕೂತವನು, ಅಲ್ಲಿ ವಕೀಲರಿಗೆ ಪ್ರವೇಶವಿಲ್ಲದಿದ್ದ ದಿನಗಳಲ್ಲಿ, ಊರಿನ ಒಡೆಯನ ಎದುರಿಗೆ ಗೇಣಿದಾರನ ಮಾತು ಕೇಳಿ ತೀರ್ಪು ಕೊಟ್ಟವನು, ಮುಂದೆ ಯಾವ ಪಕ್ಷಕ್ಕೆ ಹೋದರೂ ಮೊದಲಿನ ಮನುಷ್ಯನಾಗಿ ಉಳಿಯಲಿಲ್ಲ.

2019ರ ಉಪಚುನಾವಣೆಯಲ್ಲಿ ಬೇರೊಂದು ತೊಡಕಿದೆ. ಆ 13 ಮಂದಿ ನಿಂತದ್ದು ಆಗ ಅಧಿಕಾರದಲ್ಲಿದ್ದ ಪಕ್ಷದಿಂದ, ಅದೂ ಗೆದ್ದರೆ ಮಂತ್ರಿಯಾಗುತ್ತಾರೆಂದು ಕ್ಷೇತ್ರಕ್ಕೆಲ್ಲ ಗೊತ್ತಿದ್ದ ಹೊತ್ತಿನಲ್ಲಿ. ಮತದಾರ ಹಳೆಯ ಉಪಕಾರಕ್ಕಾಗಿ ವ್ಯಕ್ತಿಯನ್ನು ಹಿಂಬಾಲಿಸಿದನೋ, ಮುಂದಿನ ಮೂರೂವರೆ ವರ್ಷ ಅನುದಾನ ಯಾರ ಮೂಲಕ ಬರುತ್ತದೆಂದು ಎಣಿಸಿದನೋ ಎಂಬುದನ್ನು ಈ ಒಂದು ಚುನಾವಣೆಯಿಂದ ಬಿಡಿಸಲಾಗದು. 2023ರಲ್ಲಿ ಆ ಅನುಕೂಲ ಇಲ್ಲವಾದಾಗ ಏನಾಯಿತೆಂದು ನೋಡಿ. ಕೆ.ಆರ್. ಪೇಟೆ, ಹಿರೇಕೆರೂರು, ಚಿಕ್ಕಬಳ್ಳಾಪುರದಲ್ಲಿ ಅವರು ಸೋತರು. ಯಶವಂತಪುರ, ಕೆ.ಆರ್. ಪುರ, ಮಹಾಲಕ್ಷ್ಮಿ ಲೇಔಟ್, ಹೀಗೆ ಬೆಂಗಳೂರಿನ ಕಡೆಯವರು ಗೆದ್ದರು. ಈ ವ್ಯತ್ಯಾಸದ ಮೇಲೆ ಒಂದು ಅಧ್ಯಾಯವನ್ನೇ ಬರೆಯಬಹುದು. ಬೆಂಗಳೂರಿನ ಕ್ಷೇತ್ರಗಳಲ್ಲಿ ರಸ್ತೆ, ಚರಂಡಿ, ನೀರಿನ ಕಾಮಗಾರಿಗಳ ಹಣದ ಪ್ರಮಾಣವೂ, ಗುತ್ತಿಗೆದಾರರ ಬಳಗವೂ ಗ್ರಾಮೀಣ ಕ್ಷೇತ್ರಗಳಿಗಿಂತ ಬೇರೆ ಬಗೆಯವು ಎಂಬುದು ನನ್ನ ಊಹೆ. ನೀವು ಅದನ್ನು ಪರೀಕ್ಷೆಗೆ ಒಡ್ಡಬೇಕು.

ಸಮೀಕ್ಷೆಯ ಬಗ್ಗೆ ನಿಮ್ಮ ಅನುಮಾನ ಸರಿಯಾಗಿದೆ. ಮತ ಯಾರಿಗೆ ಎಂದು ಕೇಳುವುದನ್ನು ಬಿಡಿ. ಚುನಾವಣಾ ಆಯೋಗದ ನಮೂನೆ 20ರಲ್ಲಿ ಮತಗಟ್ಟೆವಾರು ಫಲಿತಾಂಶ ಸಿಗುತ್ತದೆ, ನಮ್ಮ ಹಳ್ಳಿಗಳಲ್ಲಿ ಬಹುಮಟ್ಟಿಗೆ ಊರಿಗೊಂದು ಮತಗಟ್ಟೆ. ಊರುವಾರು ಮತವನ್ನು ಒಂದು ಕಡೆ ಇಟ್ಟು, ಶಿರಸ್ತೇದಾರರು ಹೇಳಿದ ಸರದಿಯನ್ನು, ಅಂದರೆ ಅರ್ಜಿಯ ದಿನಾಂಕಕ್ಕೂ ಮಂಜೂರಾತಿಯ ದಿನಾಂಕಕ್ಕೂ ನಡುವಿನ ಅಂತರವನ್ನು, ಊರುವಾರು ಲೆಕ್ಕ ಹಾಕಿ ಇನ್ನೊಂದು ಕಡೆ ಇಡಿ. ತಮಗೆ ಮತ ಬಂದ ಊರಿನ ಕಡತ ಬೇಗ ಹೋಗುತ್ತದೆಯೋ, ಮತ ಬರಬಹುದಾದ ಊರಿನದು ಬೇಗ ಹೋಗುತ್ತದೆಯೋ ಎಂಬುದು ಗೊತ್ತಾದರೆ ಸಲಹಾ ಸಮಿತಿಯವರಿಗೂ ಉತ್ತರ ಸಿಕ್ಕಂತೆಯೇ. ಎರಡರ ನಡುವೆ ಯಾವ ಸಂಬಂಧವೂ ಕಾಣದಿದ್ದರೆ ಅದನ್ನೂ ಧೈರ್ಯವಾಗಿ ಬರೆಯಿರಿ. ಶಾಸಕರು ಬಂದವರಿಗೆಲ್ಲ ಕೆಲಸ ಮಾಡಿಕೊಡುತ್ತಾರೆಂಬುದು ದೊಡ್ಡ ಫಲಿತಾಂಶವೇ.

ಹಿಂದಿನ ಅಧ್ಯಯನಗಳ ಬಗ್ಗೆ ಒಂದು ಮಾತು. ಕಾಂಗ್ರೆಸ್ ಪಕ್ಷ ಹಳ್ಳಿಯ ಮಟ್ಟದಲ್ಲಿ ಹೇಗೆ ನಿಂತಿದೆಯೆಂದು ಅರವತ್ತರ ದಶಕದಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞ ಮೈರನ್ ವೀನರ್ ಅಭ್ಯಾಸ ಮಾಡಿದ ಪ್ರದೇಶಗಳಲ್ಲಿ ಬೆಳಗಾವಿಯೂ ಒಂದು. ಆಗ ಸಹಕಾರ ಸಂಘವೂ ಸ್ಥಳೀಯ ಸಂಸ್ಥೆಗಳೂ ಪಕ್ಷದ ಬೇರುಗಳಾಗಿದ್ದವು. ಇವತ್ತು ಜಿಲ್ಲಾ ಸಹಕಾರಿ (ಡಿಸಿಸಿ) ಬ್ಯಾಂಕಿನ ಚುನಾವಣೆಯಲ್ಲಿ ಒಂದೇ ಪಕ್ಷದ ಇಬ್ಬರು ನಾಯಕರು ಎದುರಾಳಿ ಬಣ ಕಟ್ಟುತ್ತಾರೆ, ಬೇರೆ ಪಕ್ಷದವರನ್ನು ತಮ್ಮ ಬಣದಲ್ಲಿ ಕೂರಿಸಿಕೊಳ್ಳುತ್ತಾರೆ. ಆ ಬದಲಾವಣೆ ಹೇಗಾಯಿತೆಂದು ಕನ್ನಡದಲ್ಲಿ ಯಾರೂ ವಿವರವಾಗಿ ಬರೆದಿರುವುದು ನನ್ನ ಕಣ್ಣಿಗೆ ಬಿದ್ದಿಲ್ಲ.

ಉತ್ತರ 3: ಮಾಜಿ ಪಂಚಾಯ್ತಿ ಸದಸ್ಯ, ಹಾಸನ ಜಿಲ್ಲೆ

ಮೇಷ್ಟ್ರು ಬರೆದದ್ದನ್ನು ಗೌರವದಿಂದಲೇ ಓದಿದೆ. ಆದರೆ ಮತಗಟ್ಟೆಯ ಲೆಕ್ಕ ಮತ್ತು ಕಡತದ ಲೆಕ್ಕ ಎರಡರ ನಡುವೆ ಒಬ್ಬ ಮನುಷ್ಯ ನಿಂತಿದ್ದಾನೆ, ಅವನನ್ನು ನೀವಿಬ್ಬರೂ ಬಿಟ್ಟಿದ್ದೀರಿ. ನಾನು ಅಂಥವನಾಗಿದ್ದೆ, ಆದ್ದರಿಂದ ಹೇಳುತ್ತಿದ್ದೇನೆ.

ಗ್ರಾಮ ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಗೆದ್ದವನು ಯಾವ ಪಕ್ಷಕ್ಕೂ ಬಾಧ್ಯನಲ್ಲ, ಆದ್ದರಿಂದ ಗೆದ್ದ ಮಾರನೆಯ ದಿನ ಎಲ್ಲ ಪಕ್ಷಗಳೂ ಅವನನ್ನು ತಮ್ಮವನೆಂದು ಪತ್ರಿಕೆಗೆ ಹೇಳುತ್ತವೆ. ಊರಿನವರಿಗೆ ನಾನು ಶಾಸಕರ ಮನೆಯ ಬಾಗಿಲು ತೆರೆಸುವವನು, ಶಾಸಕರಿಗೆ ನಾನು ಊರಿನ ಇಷ್ಟು ಮನೆಗಳ ಮತ ತರುವವನು. ಎರಡೂ ಕಡೆ ನನ್ನ ಬೆಲೆಯನ್ನು ನಾನು ಸ್ವಲ್ಪ ಹೆಚ್ಚಿಸಿಯೇ ಹೇಳಿಕೊಳ್ಳುತ್ತಿದ್ದೆ. ಎಲ್ಲರೂ ಹಾಗೆಯೇ ಮಾಡುತ್ತಾರೆ. ಬೆಳಿಗ್ಗೆ ಶಾಸಕರ ಮನೆಯ ಜಗಲಿಯಲ್ಲಿ ಆಪ್ತ ಸಹಾಯಕರು ಲೆಟರ್‌ಹೆಡ್‌ನ ಕಟ್ಟು ಇಟ್ಟುಕೊಂಡು ಕುಳಿತಿರುತ್ತಾರೆ. ಬಂದವರಲ್ಲಿ ಯಾರಿಗೂ ಪತ್ರ ಇಲ್ಲವೆನ್ನುವುದಿಲ್ಲ. ವರ್ಗಾವಣೆ, ವೃದ್ಧಾಪ್ಯ ವೇತನ, ಆಸ್ಪತ್ರೆಯಲ್ಲಿ ರಿಯಾಯಿತಿ, ಕಾಲೇಜು ಸೀಟು, ಎಲ್ಲದಕ್ಕೂ ‘ಪರಿಶೀಲಿಸಿ ಕ್ರಮ ಕೈಗೊಳ್ಳುವುದು’ ಎಂಬ ಸಾಲಿನ ಒಂದು ಪತ್ರ ಸಿಗುತ್ತದೆ. ಪತ್ರ ಕೊಟ್ಟ ಮೇಲೆ ಕೆಲವರ ವಿಷಯಕ್ಕೆ ಮಾತ್ರ ತಹಶೀಲ್ದಾರರಿಗೋ ಇಲಾಖೆಯ ಎಂಜಿನಿಯರಿಗೋ ಫೋನ್ ಹೋಗುತ್ತದೆ. ಫೋನ್ ಹೋಗದ ಪತ್ರವನ್ನು ಕಚೇರಿಯವರು ಕಡತಕ್ಕೆ ಸೇರಿಸಿ ಸುಮ್ಮನಾಗುತ್ತಾರೆ. ಎಲ್ಲರಿಗೂ ಮಾಡುವ ಕೆಲಸ ಪತ್ರ, ತಮ್ಮವರಿಗೆ ಮಾಡುವ ಕೆಲಸ ಫೋನ್. ನಿಮ್ಮ ಸಮಿತಿಯವರು ಕೇಳಿದ್ದಕ್ಕೆ ನಾನು ಕೊಡುವ ಉತ್ತರ ಇಷ್ಟೇ. ಆದರೆ ಫೋನಿಗೆ ದಾಖಲೆ ಇರುವುದಿಲ್ಲ; ಜಗಲಿಯಲ್ಲಿ ಕುಳಿತೇ ನೋಡಬೇಕು.

ಮನೆಗಳ ವಿಷಯದಲ್ಲಿ ಹೇಳುವುದಾದರೆ, ಪಂಚಾಯ್ತಿಗೆ ಇಷ್ಟು ಮನೆ ಎಂದು ಗುರಿ ಬರುತ್ತದೆ, ಗ್ರಾಮಸಭೆಯಲ್ಲಿ ಆಯ್ಕೆ ಆಗಬೇಕೆಂಬುದು ನಿಯಮ. ಗ್ರಾಮಸಭೆಗೆ ಮುಂಚೆಯೇ ಹೆಸರುಗಳು ಮಾತಾಗಿರುತ್ತವೆ ಎಂಬುದು ಊರಿಗೆಲ್ಲ ತಿಳಿದ ವಿಷಯ. ಆದರೆ ಆಮೇಲಿನದನ್ನು ಯಾರೂ ಬರೆಯುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತ ಹಂತವಾಗಿ ಫೋಟೊ ತೆಗೆದು ರಾಜೀವ್ ಗಾಂಧಿ ವಸತಿ ನಿಗಮಕ್ಕೆ ಕಳಿಸಿದ ಮೇಲೆ ಬಿಲ್ ಆಗುತ್ತದೆ. ಮನೆ ಮಂಜೂರಾದವನು ಪ್ರತಿ ಹಂತದಲ್ಲೂ ಮತ್ತೆ ನನ್ನ ಹತ್ತಿರವೇ ಬರುತ್ತಿದ್ದ. ಶಿರಸ್ತೇದಾರರು ಬಾಕಿ ಅರ್ಜಿಯ ಬಗ್ಗೆ ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ, ಮಂಜೂರಾತಿ ಎಂಬುದು ಕೆಲಸದ ಕೊನೆಯಲ್ಲ.

ವಿರೋಧಿ ಬಣದವರಿಗೆ ಕೊಡುತ್ತಿರಲಿಲ್ಲವೇ ಎಂದರೆ ಕೊಡುತ್ತಿದ್ದೆ. ಅವರನ್ನು ಪೂರ್ತಿ ಬಿಟ್ಟರೆ ಮುಂದಿನ ಸಲ ಅವರೆಲ್ಲ ಸೇರಿ ನನ್ನನ್ನು ಸೋಲಿಸುತ್ತಾರೆ. ಹತ್ತು ಮನೆ ಬಂದರೆ ಎರಡೋ ಮೂರೋ ಆ ಕಡೆಗೆ ಹೋಗುತ್ತಿದ್ದವು, ಅದೂ ಯಾರಿಗೆ ಕೊಟ್ಟರೆ ಆ ಕಡೆಯಲ್ಲಿ ಜಗಳ ಹುಟ್ಟುತ್ತದೆಂದು ನೋಡಿಕೊಂಡು.

ಪಕ್ಷದ ಪ್ರಶ್ನೆಗೆ ಬಂದರೆ, ಜಿಲ್ಲಾ ಮತ್ತು ತಾಲೂಕು ಪಂಚಾಯ್ತಿಗಳಿಗೆ ಚಿಹ್ನೆಯ ಮೇಲೆ ಚುನಾವಣೆ ನಡೆಯುತ್ತದೆ. ಅವು ಕೊನೆಗೆ ನಡೆದದ್ದು 2016ರಲ್ಲಿ, ಅವಧಿ ಮುಗಿದದ್ದು 2021ರಲ್ಲಿ, ಅದಾದ ಮೇಲೆ ಮೀಸಲಾತಿ, ಕ್ಷೇತ್ರ ಪುನರ್ವಿಂಗಡಣೆ ಎಂದು ಮುಂದಕ್ಕೆ ಹೋಗುತ್ತಲೇ ಇದೆ. ಆಮೇಲೆ ಎರಡು ಪಕ್ಷಗಳ ಸರ್ಕಾರಗಳನ್ನೂ ನೋಡಿದ್ದಾಯಿತು, ಯಾವ ಶಾಸಕರಿಗೂ ಈ ಚುನಾವಣೆಯ ಅವಸರ ಇದ್ದಂತೆ ಕಾಣಲಿಲ್ಲ. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕಾಲದಲ್ಲಿ, 1987ರ ಜಿಲ್ಲಾ ಪರಿಷತ್ ಬಂದಾಗ, ಅಧ್ಯಕ್ಷರಿಗೆ ಸಹಾಯಕ ಸಚಿವರ ಸ್ಥಾನಮಾನವಿತ್ತು, ಶಾಸಕರು ಅವರ ಹತ್ತಿರ ಹೋಗಿ ಕೇಳಬೇಕಿತ್ತು ಎಂದು ಹಿರಿಯರು ಈಗಲೂ ಹೇಳುತ್ತಾರೆ. ಪಕ್ಷದ ಕಾರ್ಯಕರ್ತ ಮೇಲೆ ಹತ್ತಲು ಆ ಮೆಟ್ಟಿಲುಗಳೇ ಇಲ್ಲದ ಮೇಲೆ ಅವನಿಗೆ ಶಾಸಕರ ಮನೆ ಒಂದೇ ದಾರಿ. ಪಕ್ಷ ಟೊಳ್ಳಾಯಿತೇಕೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಕಾಣೆ.

ಉತ್ತರ 4: ಗ್ರಾಮ ಒನ್ ನಿರ್ವಾಹಕಿ

ಗ್ಯಾರಂಟಿ ಯೋಜನೆಗಳ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಗೃಹಲಕ್ಷ್ಮಿಗೆ ಅರ್ಜಿ ಹಾಕಲು ಬಂದ ನೂರಾರು ಮಹಿಳೆಯರ ಕೆಲಸವನ್ನು ನಮ್ಮ ಕೇಂದ್ರದಲ್ಲಿ ಮಾಡಿಕೊಟ್ಟಿದ್ದೇನೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಈ ಯೋಜನೆಯಲ್ಲಿ ತಿಂಗಳಿಗೆ 2,000 ರೂಪಾಯಿ ಪಡೆಯಲು ಯಾವ ಶಾಸಕರ ಶಿಫಾರಸೂ ಬೇಕಾಗಲಿಲ್ಲ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಹೆಸರಿದ್ದರೆ, ಆಧಾರ್ ಜೋಡಣೆಯಾದ ಖಾತೆಯಿದ್ದರೆ, ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಲ್ಲದಿದ್ದರೆ ಸಾಕಾಗಿತ್ತು. ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆಗೆ ಅಷ್ಟೂ ಬೇಡ, ಬಸ್ಸು ಹತ್ತಿ ಗುರುತಿನ ಚೀಟಿ ತೋರಿಸಿದರಾಯಿತು. ಈ ಮಟ್ಟಿಗೆ ಸಹಪಾಠಿಗಳು ಹೇಳುವುದು ನಿಜ.

ಆದರೆ ಜನರ ಓಡಾಟ ನಿಂತಿಲ್ಲ, ಬೇರೆ ಕಡೆಗೆ ತಿರುಗಿದೆ. ಪಡಿತರ ಚೀಟಿಯಲ್ಲಿ ತೀರಿಹೋದ ಅತ್ತೆಯ ಹೆಸರು ಮೊದಲಿಗಿರುವುದು, ಹೊಸ ಸೊಸೆಗೆ ಬೇರೆ ಚೀಟಿ ಬೇಕಾಗಿರುವುದು, ಬಿಪಿಎಲ್ ಚೀಟಿ ಎಪಿಎಲ್ ಆಗಿರುವುದು, ಎರಡು ಮೂರು ಕಂತು ಬಾರದಿರುವುದು, ಇವುಗಳಿಗಾಗಿ ಮತ್ತೆ ಯಾರನ್ನಾದರೂ ಹಿಡಿಯಬೇಕು. ಮೊದಲೆಲ್ಲ ಗಂಡಸರು ಬರುತ್ತಿದ್ದರು, ಈಗ ಹೆಂಗಸರು ತಾವೇ ಬರುತ್ತಾರೆ. ಅವರಿಗೆ ಪಂಚಾಯ್ತಿ ಸದಸ್ಯರಿಗಿಂತ ಅಂಗನವಾಡಿ ಕಾರ್ಯಕರ್ತೆಯೂ ಸ್ವಸಹಾಯ ಸಂಘದ ಮುಖ್ಯಸ್ಥೆಯೂ ಹತ್ತಿರ. ನಿಮ್ಮ ಸಂಶೋಧನೆಯಲ್ಲಿ ಮಧ್ಯವರ್ತಿ ಎಂದರೆ ಗಂಡಸು ಎಂದೇ ಇಟ್ಟುಕೊಳ್ಳಬೇಡಿ.

ಇದರ ಜೊತೆಗೆ, 2024ರಲ್ಲಿ ಸರ್ಕಾರ ಗ್ಯಾರಂಟಿಗಳ ಅನುಷ್ಠಾನಕ್ಕೆಂದು ರಾಜ್ಯ, ಜಿಲ್ಲೆ, ತಾಲೂಕು ಮಟ್ಟದಲ್ಲಿ ಸಮಿತಿಗಳನ್ನು ಮಾಡಿ ಆಡಳಿತ ಪಕ್ಷದ ಕಾರ್ಯಕರ್ತರನ್ನು ನೇಮಿಸಿತು. ಅವರಿಗೆ ಸರ್ಕಾರದ ಹಣದಿಂದ ಗೌರವಧನ ಕೊಡುವ ವಿಚಾರ 2025ರ ಮಾರ್ಚಿನಲ್ಲಿ ವಿಧಾನಸಭೆಯಲ್ಲಿ ದೊಡ್ಡ ಗದ್ದಲವಾಯಿತು. ವಿರೋಧ ಪಕ್ಷದವರು ಇದನ್ನು ದುಂದುವೆಚ್ಚವೆಂದರು, ಸರ್ಕಾರ ಸಮರ್ಥಿಸಿಕೊಂಡಿತು. ಸರಿತಪ್ಪು ಏನೇ ಇರಲಿ, ಯಾರ ಕೈಯೂ ಇಲ್ಲದೆ ಜನರಿಗೆ ತಲುಪುವ ಯೋಜನೆಯೊಂದರ ಮೇಲೆ ಪಕ್ಷ ಆಮೇಲೆ ತನ್ನ ಜನರನ್ನು ಕೂರಿಸಿತು ಎಂಬುದು ನಿಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಬಗರ್‌ಹುಕುಂ ಸಮಿತಿಯಲ್ಲಿ ಅಧ್ಯಕ್ಷರು ಶಾಸಕರು. ಇಲ್ಲಿನ ತಾಲೂಕು ಸಮಿತಿಯಲ್ಲಿ ಅಧ್ಯಕ್ಷರು ಪಕ್ಷದ ಕಾರ್ಯಕರ್ತರು. ಹಾಸನದ ಹಿರಿಯರು ಹೇಳಿದ, ಮೆಟ್ಟಿಲು ಸಿಗದ ಕಾರ್ಯಕರ್ತರಿಗೆ ಪಕ್ಷ ಕಟ್ಟಿಕೊಟ್ಟ ಜಗಲಿ ಇದು ಎಂದು ನನಗನ್ನಿಸುತ್ತದೆ.

ಮರುಪ್ರತಿಕ್ರಿಯೆ: ಸಂಶೋಧನಾರ್ಥಿ, ತುಮಕೂರು

ಎಲ್ಲರಿಗೂ ಕೃತಜ್ಞತೆಗಳು. ಈ ಚರ್ಚೆಯ ನಂತರ ಕ್ಷೇತ್ರಕಾರ್ಯವನ್ನು ಹೀಗೆ ಯೋಚಿಸಿದ್ದೇನೆ: ಆಡಳಿತ ಪಕ್ಷದ ಶಾಸಕರಿರುವ ಒಂದು ತಾಲೂಕು, ವಿರೋಧ ಪಕ್ಷದ ಶಾಸಕರಿರುವ ಇನ್ನೊಂದು ತಾಲೂಕು, ಎರಡರಲ್ಲೂ ಬಗರ್‌ಹುಕುಂ ಸಮಿತಿಯ ನಡಾವಳಿ ಮತ್ತು ಗ್ಯಾರಂಟಿ ಸಮಿತಿಯ ಕೆಲಸವನ್ನು ಅಕ್ಕಪಕ್ಕ ಇಟ್ಟು ನೋಡುವುದು. ಶಿಕ್ಷಕರ ವರ್ಗಾವಣೆಯನ್ನು ಹೋಲಿಕೆಗಾಗಿ ಮಾತ್ರ ಇಟ್ಟುಕೊಳ್ಳುತ್ತೇನೆ, ಏಕೆಂದರೆ 2007ರ ಕಾಯ್ದೆಯ ನಂತರ ಅದು ಕೌನ್ಸೆಲಿಂಗ್ ಮೂಲಕ ನಡೆಯುತ್ತಿದ್ದು ಶಿಫಾರಸಿನ ಅವಕಾಶ ಬಹಳ ಕುಗ್ಗಿದೆ, ಆದರೆ ಬೇರೆ ಹಲವು ಇಲಾಖೆಗಳಲ್ಲಿ ಶಾಸಕರ ಪತ್ರವೇ ಇನ್ನೂ ನಡೆಯುತ್ತದೆ. ಅಧಿಕಾರ ಎಲ್ಲಿ ಕಳಚಿತೋ ಅಲ್ಲಿ ಶಾಸಕರಿಗೆ ಏನಾದರೂ ನಷ್ಟವಾಯಿತೇ ಎಂಬುದನ್ನು ಇದರಿಂದ ನೋಡಬಹುದು.

ಮೇಷ್ಟ್ರಿಗೆ ಒಂದು ಮಾತು: 1985ರ ಉದಾಹರಣೆಯನ್ನು ಒಪ್ಪುತ್ತೇನೆ, ಆದರೆ 1980ರಲ್ಲಿ ಶಾಸಕರು ಫಲಿತಾಂಶ ಬಂದ ಕೂಡಲೇ ಅರಸರನ್ನು ಬಿಟ್ಟದ್ದನ್ನು ಅದು ವಿವರಿಸುವುದಿಲ್ಲ. ಜನ ಲೋಕಸಭೆಯನ್ನೂ ವಿಧಾನಸಭೆಯನ್ನೂ ಬೇರೆಯಾಗಿ ನೋಡುತ್ತಿದ್ದರೆಂದು ಆ ಶಾಸಕರಿಗೆ ಗೊತ್ತಿರಲಿಲ್ಲವೇ? ಅವರು ಹೆದರಿದ್ದು ಮತದಾರರಿಗಲ್ಲ, ಟಿಕೆಟ್ ಕೊಡುವವರಿಗೆ ಎಂದು ನನಗನ್ನಿಸುತ್ತದೆ. ಹಾಗಿದ್ದರೆ ಹಂಚುವ ಅಧಿಕಾರ ಶಾಸಕರದಾದರೂ ಶಾಸಕರನ್ನು ಹಂಚುವ ಅಧಿಕಾರ ಪಕ್ಷದ ಹತ್ತಿರವೇ ಉಳಿದಿದೆ. ನಿಗಮ-ಮಂಡಳಿಗಳನ್ನು ನಾನು ಈ ದೃಷ್ಟಿಯಿಂದ ನೋಡಬೇಕೆಂದಿದ್ದೇನೆ. ಸಂವಿಧಾನದ 91ನೆಯ ತಿದ್ದುಪಡಿಯಿಂದ ಸಚಿವರ ಸಂಖ್ಯೆ ಸದನದ ಶೇ. 15ಕ್ಕೆ, ಅಂದರೆ ನಮ್ಮಲ್ಲಿ 34ಕ್ಕೆ, ಮಿತಿಗೊಂಡ ಮೇಲೆ ಉಳಿದ ಶಾಸಕರನ್ನು ಸಮಾಧಾನಪಡಿಸುವ ಭಾರವೆಲ್ಲ ಆ ಹುದ್ದೆಗಳ ಮೇಲೆ ಬಿದ್ದಿದೆ.

ಶಿರಸ್ತೇದಾರರಲ್ಲಿ ಒಂದು ಪ್ರಶ್ನೆ: ಸಮಿತಿಯ ನಡಾವಳಿಯನ್ನು ತಾಲೂಕು ಕಚೇರಿಯವರು ಸಂಶೋಧಕರಿಗೆ ತೋರಿಸುತ್ತಾರೆಯೇ?

ಉತ್ತರ 5: ನಿವೃತ್ತ ಶಿರಸ್ತೇದಾರ್

ಬಾಯಿಮಾತಿನಲ್ಲಿ ಕೇಳಿದರೆ ತೋರಿಸುವುದಿಲ್ಲ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ, ಶುಲ್ಕ 10 ರೂಪಾಯಿ. ಹತ್ತು ವರ್ಷದ ನಡಾವಳಿಗಳ ನಕಲು ಕೊಡಿ ಎಂದು ಕೇಳಿದರೆ ಕಡತ ಹುಡುಕುವವರಿಲ್ಲ ಎಂಬ ಕಾರಣಕ್ಕೇ ಅರ್ಜಿ ಅಲ್ಲಲ್ಲೇ ಸುತ್ತುತ್ತದೆ. ಅದರ ಬದಲು ಇಂಥ ವರ್ಷದ ಸಭಾ ನಡಾವಳಿ ಪುಸ್ತಕ ಮತ್ತು ನಮೂನೆ 57ರ ಸ್ವೀಕೃತಿ ವಹಿಯನ್ನು ಪರಿಶೀಲಿಸಲು ಅವಕಾಶ ಕೊಡಿ ಎಂದು ಕೇಳಿ. ಪರಿಶೀಲನೆಯೂ ಹಕ್ಕೇ, ನೀವೇ ಕುಳಿತು ದಿನಾಂಕಗಳನ್ನು ಬರೆದುಕೊಳ್ಳಬಹುದು, ಕಚೇರಿಗೂ ಹೊರೆಯಾಗುವುದಿಲ್ಲ. ಸ್ವೀಕೃತಿ ವಹಿಯನ್ನು ಮರೆಯಬೇಡಿ, ಮೇಷ್ಟ್ರು ಹೇಳಿದ ಅಂತರವನ್ನು ಲೆಕ್ಕ ಹಾಕಲು ಅರ್ಜಿಯ ದಿನಾಂಕ ಅದರಲ್ಲಿಯೇ ಸಿಗುವುದು.

ಇತ್ತೀಚೆಗೆ ಬಗರ್‌ಹುಕುಂ ಆ್ಯಪ್ ಬಂದಿದೆ, ಸಾಗುವಳಿ ಇತ್ತೋ ಇಲ್ಲವೋ ಎಂಬುದನ್ನು ಉಪಗ್ರಹ ಚಿತ್ರದಿಂದ ನೋಡುತ್ತಾರೆ. ಆದ್ದರಿಂದ ಹೊಸ ಕಡತಗಳಲ್ಲಿ ಮಹಜರಿನ ಹಂತದ ಕೈಚಳಕ ಕಡಿಮೆ. ಹಳೆಯದನ್ನೂ ಹೊಸದನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ.

ಅರ್ಜಿ ಹಾಕುವ ಮುನ್ನ ವಿಧಾನಸಭೆಯ ಪ್ರಶ್ನೋತ್ತರಗಳನ್ನು ಒಮ್ಮೆ ನೋಡಿ. ಪ್ರತಿ ಅಧಿವೇಶನದಲ್ಲೂ ಯಾರಾದರೊಬ್ಬ ಶಾಸಕರು ತಮ್ಮ ಕ್ಷೇತ್ರದಲ್ಲಿ ನಮೂನೆ 50, 53, 57ರ ಎಷ್ಟು ಅರ್ಜಿ ಬಾಕಿ ಇವೆಯೆಂದು ಕಂದಾಯ ಸಚಿವರನ್ನು ಕೇಳಿರುತ್ತಾರೆ, ಉತ್ತರದ ಅನುಬಂಧದಲ್ಲಿ ಅಂಕಿ ಇರುತ್ತದೆ. ನಿಮ್ಮ ತಾಲೂಕುಗಳನ್ನು ಆರಿಸಿಕೊಳ್ಳಲು ಅದು ಸಾಕು. ಮತ್ತು ಬಾಕಿ ಅರ್ಜಿದಾರರನ್ನು ಮಾತನಾಡಿಸುವಾಗ ಅವರ ಹೆಸರು, ಸರ್ವೆ ನಂಬರುಗಳನ್ನು ಪ್ರಬಂಧದಲ್ಲಿ ಎಲ್ಲಿಯೂ ಬರೆಯಬೇಡಿ; ಅವರ ಕಡತ ಇನ್ನೂ ಅದೇ ಮೇಜಿನ ಮೇಲೆ ಇರುತ್ತದೆ.